ಎಂಟು ಘನ ಅಡಿ

1889ರ ನವೆಂಬರ್ 12, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಇಂಗ್ಲೆಂಡಿನ ಸಾಲ್ಫರ್ಡ್ ಊರಲ್ಲಿ, ಅನಿಲ ತಯಾರಿಸಿ ಮಾರುವ ತನ್ನ ಅಂಗಡಿಯಲ್ಲಿ ಡಾರ್ಕಸ್ ರಬ್ಬರ್ ಚೀಲದ ಕೊಳಾಯಿ ಮುಚ್ಚಿದಳು. ಹಾಸಿಗೆಯಷ್ಟು ಅಗಲದ ಚೀಲ. ಒಳಗೆ ಎಂಟು ಘನ ಅಡಿ ಆಮ್ಲಜನಕ.

“ಮಧ್ಯಾಹ್ನಕ್ಕೆ ಇನ್ನೊಂದು ಬೇಕು,” ಎಂದ ಏಬೆಲ್. ರಂಗಮಂದಿರದಲ್ಲಿ ಸುಣ್ಣದ ದೀಪ, ಅಂದರೆ ಆಮ್ಲಜನಕದ ಉರಿಯಲ್ಲಿ ಸುಣ್ಣದ ತುಂಡು ಬೆಳಗುವ ದೀಪ, ಹಿಡಿಯುವವನು.

“ಆರು ವರ್ಷ ದಿನಕ್ಕೊಂದು ಸಾಕಾಗ್ತಿತ್ತು.”

“ಆಗ ಮಿಸ್ ಕೊರಾಲಿ ಇರ್ಲಿಲ್ವಲ್ಲ. ಅವಳಿಗೆ ಬೆಳಕು ಜಾಸ್ತಿ ಬೇಕಂತೆ.”

“ಅವಳ ಮುಖಾನೇ ಸಾಲ್ದಂತಾ?”

ಅವನು ನಕ್ಕ. ನಗುವಾಗ ಎಡಗಣ್ಣು ಸ್ವಲ್ಪ ಹೆಚ್ಚೇ ಕಿರಿದಾಗುತ್ತಿತ್ತು. ಅದನ್ನು ನೋಡಲೆಂದೇ ಡಾರ್ಕಸ್ ಮಾತು ಬೆಳೆಸುತ್ತಿದ್ದ ದಿನಗಳಿದ್ದವು. ಈವತ್ತು ಬೆನ್ನು ತಿರುಗಿಸಿದಳು.

ಅವನು ಹೋದ ಮೇಲೆ ಕ್ಲೋರೇಟಿನ ಬಿಳಿ ಹರಳಿಗೆ ಮ್ಯಾಂಗನೀಸಿನ ಕಪ್ಪು ಪುಡಿ ಬೆರೆಸಿ, ಕಬ್ಬಿಣದ ಪಾತ್ರೆಗೆ ತುಂಬಿ, ಆಮ್ಲಜನಕ ಬಿಡಿಸಲು ಅಡಿಗೆ ಬೆಂಕಿ ಹಚ್ಚಿದಳು. ತಾನು ತಯಾರಿಸುವ ಒಂದೊಂದು ಗುಳ್ಳೆಯೂ ಆ ನರ್ತಕಿಯ ಕೆನ್ನೆಗೆ ಹೊಳಪಾಗಿ ಹೋಗುತ್ತದೆ. ಈ ಯೋಚನೆಯಲ್ಲೇ ಇದ್ದವಳಿಗೆ ತಟ್ಟನೆ ನೆನಪಾಯಿತು. ಚಿಟಿಕೆ ಪುಡಿಯನ್ನು ಗಾಜಿನ ಕೊಳವೆಯಲ್ಲಿ ಕಾಯಿಸಿ ನೋಡಿಯೇ ಇರಲಿಲ್ಲ! ಕಪ್ಪು ಪುಡಿಯಲ್ಲಿ ಮಸಿ ಬೆರೆತಿದ್ದರೆ ಪಾತ್ರೆಯೇ ಸಿಡಿಯುತ್ತದೆ. ಅವಸರವಾಗಿ ಕೆಂಡ ಎಳೆದು ಹಾಕಿದಳು. 

ಹೀಗೇ ಬಿಟ್ಟರೆ ಹೊಟ್ಟೆಕಿಚ್ಚೇ ತನ್ನನ್ನು ಕೊಲ್ಲುತ್ತದೆ. ಕಣ್ಣಾರೆ ನೋಡಿಬಿಡುವುದೇ ಮೇಲು.

ಬುಧವಾರ ಮಧ್ಯಾಹ್ನದ ಆಟಕ್ಕೆ, ಆ ನರ್ತಕಿಯ ಮೇಲೆ ದೀಪ ಎಷ್ಟು ಹೊತ್ತು ಉರಿಯುತ್ತದೆಂದು ಅಳೆಯಲು, ಗಡಿಯಾರ ಹಿಡಿದು ಗ್ಯಾಲರಿಯಲ್ಲಿ ಕೂತಳು. ಕೊರಾಲಿ ಬಂದಳು. ಬೆಳಕು ಅವಳ ಭುಜ ಸವರಿತು, ಕತ್ತಿನಲ್ಲಿ ನಿಂತಿತು, ಬೆರಳ ತುದಿಯನ್ನೂ ಬಿಡಲಿಲ್ಲ. ತನ್ನನ್ನು ಏಬೆಲ್ ಒಮ್ಮೆಯಾದರೂ ಹಾಗೆ ನೋಡಿದ್ದನೇ? ಡಾರ್ಕಸ್ ತುಟಿ ಕಚ್ಚಿಕೊಂಡು ಗಡಿಯಾರ ನೋಡಿದಳು. ಕೊರಾಲಿಯ ಕುಣಿತ ಹನ್ನೊಂದೇ ನಿಮಿಷ. ಅಷ್ಟಕ್ಕೆ ಒಂದು ಘನ ಅಡಿಯೂ ಬೇಡ.

ಹಾಗಾದರೆ ಎರಡನೆಯ ಚೀಲ ಎಲ್ಲಿಗೆ ಹೋಗುತ್ತದೆ?

ಆಟ ಮುಗಿದೊಡನೆ ದೀಪದ ಅಟ್ಟ ಹತ್ತಿದಳು. ಏಬೆಲ್ ಇರಲಿಲ್ಲ. ಚೀಲವೂ ಇರಲಿಲ್ಲ. ದೀಪಕ್ಕೆ ಜೋಡಿಸಿದ್ದದ್ದು ಕಬ್ಬಿಣದ ಕರಿ ಸಿಲಿಂಡರ್. ಅದರ ಮೇಲೆ ನದಿಯಾಚೆಯ ಹೊಸ ಕಾರ್ಖಾನೆಯ ಮುದ್ರೆ. ಅಲ್ಲಿ ಬೇರಿಯಂ ಎಂಬುದನ್ನು ಕಾಯಿಸಿ, ಗಾಳಿ ಕುಡಿಸಿ, ಅದು ಹೀರಿದ ಆಮ್ಲಜನಕವನ್ನು ಪಂಪಿನಿಂದ ಎಳೆದುಕೊಳ್ಳುತ್ತಾರಂತೆ. ಅಂದರೆ ಅವಳ ಅನಿಲ ಇಲ್ಲಿ ಉರಿಯುತ್ತಲೇ ಇಲ್ಲ!

ಕಿಟಕಿಯಿಂದ ಕಂಡಿತು: ಉಬ್ಬಿದ ಚೀಲ ಬೆನ್ನಿಗೇರಿಸಿಕೊಂಡು ಏಬೆಲ್ ಬೀದಿಯಲ್ಲಿ ಹೋಗುತ್ತಿದ್ದಾನೆ. ಕೊರಾಲಿಯ ಮನೆಗೇ ಇರಬೇಕು. ಡಾರ್ಕಸ್ ಓಡಿದಳು.

ಅವನು ಯಾರ ಮನೆಗೂ ಹೋಗಲಿಲ್ಲ. ಸೇತುವೆಯ ಪಕ್ಕದ ಮೆಟ್ಟಿಲಿಳಿದು, ಚೀಲ ಹಾಸಿ, ಕೊಳಾಯಿ ತಿರುಗಿಸಿ, ಅದರ ಮೇಲೆ ಕೂತುಕೊಂಡ. ಬುಸ್ ಎಂದು ಸದ್ದಾಯಿತು.

“ಏಬೆಲ್! ಏನ್ ಮಾಡ್ತಿದೀಯ?”

ಅವನು ಬೆಚ್ಚಿಬಿದ್ದ. “ಖಾಲಿ... ಖಾಲಿ ಮಾಡ್ತಿದೀನಿ.”

“ನನ್ನ ಅನಿಲಾನ? ಬೀದಿಗೆ?”

“ಸಿಲಿಂಡರ್ ಬಂದು ಐದು ವಾರ ಆಯ್ತು, ಡಾರ್ಕಸ್. ಚೀಲ ಬೇಡ ಅಂದ ಮೇಲೆ ನಿನ್ನ ನೋಡೋಕೆ ನಂಗೇನು ನೆಪ ಇದೆ? ಖಾಲಿ ಚೀಲ ತಂದ್ರೆ ತಾನೇ ನೀನು ತುಂಬ್ಕೊಡೋದು.”

“ಮತ್ತೆ ದಿನಕ್ಕೆ ಎರಡು?”

“ಒಂದ್ಸಲ ನೋಡಿದ್ರೆ ಸಾಲ್ತಿರ್ಲಿಲ್ಲ.” ಅವನ ಕಿವಿ ಕೆಂಪಾಯಿತು.

“ಕೊರಾಲಿ?”

“ಅವಳ ಮೇಲೆ ದೀಪ ಬಿಡೋದು ನನ್ನ ಕೆಲಸ ಕಣೇ. ‘ಮಿಸ್’ ಅನ್ನೋದು ರಂಗದ ಮೇಲೆ ಮಾತ್ರ; ಅವಳ ಗಂಡ ಪಕ್ಕದಲ್ಲೇ ಪಿಟೀಲು ಬಾರಿಸ್ತಿರ್ತಾನೆ.”

“ಪೆದ್ದ,” ಎಂದಳು. “ತೊಂಬತ್ತೊಂಬತ್ತು ಪರ್ಸೆಂಟ್ ಶುದ್ಧ ಅನಿಲ! ಬಾಯಿ ಬಿಟ್ಟು ಹೇಳೋಕಾಗ್ತಿರ್ಲಿಲ್ವಾ?”

“ಈಗ ಹೇಳಿದ್ನಲ್ಲ. ಮದುವೆ ಆಗ್ತೀಯಾ?”

ಡಾರ್ಕಸ್ ಲಂಗ ಒಟ್ಟುಮಾಡಿಕೊಂಡು ಚೀಲದ ಮೇಲೆ, ಅವನ ಪಕ್ಕದಲ್ಲೇ ಕೂತಳು. ಸದ್ದು ಜೋರಾಯಿತು.

“ಇಬ್ಬರ ಭಾರಕ್ಕೆ ಬೇಗ ಮುಗಿದುಹೋಗುತ್ತೆ,” ಎಂದ ಏಬೆಲ್.

ಅವಳು ಬಗ್ಗಿ ಕೊಳಾಯಿಯನ್ನು ಮುಕ್ಕಾಲು ಪಾಲು ಮುಚ್ಚಿದಳು. ಮತ್ತೆ ನೆಟ್ಟಗೆ ಕೂತು ತಲೆಯನ್ನು ಅವನ ಭುಜಕ್ಕಿಟ್ಟಳು. “ಹೂಂ,” ಎಂದಳು, ನದಿಯ ಕಡೆ ನೋಡುತ್ತ.

ಚೀಲ ಪೂರ್ತಿ ಚಪ್ಪಟೆಯಾಗಲು ನಲವತ್ತೊಂದು ನಿಮಿಷ ಹಿಡಿಯಿತು.