ಕೌದಿ ಪುಟಕ್ಕೆ ದಾರಿ

“ಮಿಸ್, ನನ್ನ ಆರ್ಟಿಕಲ್ ಮೇಲೆ ‘ಅನಾಥ’ ಅಂತ ಬರೆದುಬಿಟ್ಟಿದ್ದಾರೆ.”

ಕಂಪ್ಯೂಟರ್ ಲ್ಯಾಬಿನಲ್ಲಿ ಎಲ್ಲರೂ ತಿರುಗಿದರು. ಪಕ್ಕದಲ್ಲಿದ್ದ ನಚಿಕೇತ ಬಗ್ಗಿ ರಾಜಶ್ರೀಯ ಸ್ಕ್ರೀನ್ ನೋಡಿದ. “ಹೌದು ಮಗಾ. ಅಪ್ಪ ಅಮ್ಮ ಇಬ್ರೂ ಇಲ್ವಂತೆ,” ಎಂದು ನಕ್ಕ.

ರಾಜಶ್ರೀ ಆರನೇ ಕ್ಲಾಸು. ಯಾರು ಬೇಕಾದರೂ ಬರೆಯಬಹುದಾದ ಆನ್‌ಲೈನ್ ವಿಶ್ವಕೋಶವೊಂದಕ್ಕೆ ಅವಳ ಕ್ಲಾಸಿನ ಮಕ್ಕಳು ತಲಾ ಒಂದು ಹೊಸ ಲೇಖನ ಬರೆದಿದ್ದರು. ಅವಳದು ಕೌದಿಯ ಬಗ್ಗೆ. ಹಳೆಯ ಸೀರೆಗಳ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಕೈಯಲ್ಲೇ ಹೊಲಿಯುವ ಹೊದಿಕೆ ಅದು.

ಶ್ರೀದೇವಿ ಮಿಸ್ ಹತ್ತಿರ ಬಂದರು. “ಅಳೋ ಅಂಥದ್ದೇನಿಲ್ಲ. ಬೇರೆ ಯಾವ ಪುಟದಿಂದಲೂ ನಿನ್ನ ಪುಟಕ್ಕೆ ಲಿಂಕ್ ಇಲ್ಲ ಅಂತ ಅರ್ಥ. ದಾರಿ ಇಲ್ದಿದ್ರೆ ಜನ ಹೇಗೆ ಬರ್ತಾರೆ?”

“ಹಾಗಾದ್ರೆ ಮುಖಪುಟದ ಬಾಕ್ಸಲ್ಲಿ ಬರಲ್ವಾ ಮಿಸ್?”

“ಅದಕ್ಕೆ ಬರೆದು ಏಳು ದಿನದೊಳಗಿನ ಲೇಖನ ಮಾತ್ರ ತಗೋತಾರೆ. ನಿನಗಿನ್ನೂ ಎರಡು ದಿನ ಇದೆ. ನೋಡೋಣ.”

ಮುಖಪುಟದ ಆ ಬಾಕ್ಸಿನ ಹೆಸರು ‘ನಿಮಗಿದು ಗೊತ್ತೇ?’ ಹೊಸ ಲೇಖನಗಳಲ್ಲಿ ಆರಿಸಿದ್ದು ಅಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ರಾಜಶ್ರೀಗೆ ಅದು ಬೇಕೇ ಬೇಕಿತ್ತು.

ಹೋದ ತಿಂಗಳು ಅವಳ ಅಮ್ಮನ ತಾಯಿ, ಅಜ್ಜಿ ಪಾರವ್ವ, ಊರಿನಿಂದ ಅವರ ತಿಲಕ್ ನಗರದ ಬಾಡಿಗೆ ಮನೆಗೆ ಬಂದಿದ್ದಳು. ತಂದಿದ್ದ ಕೌದಿಯನ್ನು ಬಾಲ್ಕನಿಯ ಕಂಬಿಯ ಮೇಲೆ ಬಿಸಿಲಿಗೆ ಹಾಕಿದಳು. ಕೆಳಗಿನ ಮನೆಯ ಓನರ್ ಸೀತಮ್ಮ ತಲೆಯೆತ್ತಿ, “ಆ ಚಿಂದಿ ಒಳಗೆ ತಗೊಳ್ಳಿ. ನೋಡಿದವರು ಏನಂದ್ಕೋತಾರೆ?” ಎಂದರು. ಅಜ್ಜಿ ಅದನ್ನು ಮಡಚಿ ಕಪಾಟಿನಲ್ಲಿಟ್ಟಳು. ಆಮೇಲೆ ಅದು ಹೊರಗೆ ಬರಲೇ ಇಲ್ಲ.

“ಇಡೀ ಕರ್ನಾಟಕ ನೋಡೋ ಹಾಗೆ ಹಾಕ್ತೀನಿ ಅಜ್ಜಿ,” ಎಂದು ರಾಜಶ್ರೀ ಮಾತು ಕೊಟ್ಟಿದ್ದಳು. ಅಜ್ಜಿ ಅದನ್ನು ನಂಬಿ ಸೀತಮ್ಮನಿಗೂ ಹೇಳಿದ್ದಳು: “ನಮ್ಮ ರಾಜಿ ಕಂಪ್ಯೂಟರಿನ್ಯಾಗ ಕೌದಿ ಹಾಸ್ಯಾಳ್ರೀ.”

ಆ ಸಂಜೆ ರಾಜಶ್ರೀ ಅಪ್ಪನ ಫೋನ್ ಹಿಡಿದು ಕೂತಳು. ಸೀರೆ, ಸೂಜಿ, ಚಳಿಗಾಲ, ನಿದ್ದೆ, ಹೀಗೆ ಇಪ್ಪತ್ತು ಪುಟಗಳಲ್ಲಿ ಕೌದಿಯ ಲಿಂಕ್ ಸೇರಿಸಿದಳು. ಇಡ್ಲಿಯ ಪುಟವನ್ನೂ ಬಿಡಲಿಲ್ಲ. ‘ಇಡ್ಲಿ ತಿಂದು ಕೌದಿ ಹೊದ್ದು ಮಲಗಬಹುದು’ ಎಂದು ಬರೆದಳು.

ಬೆಳಿಗ್ಗೆ ನೋಡಿದರೆ ಎರಡೇ ಉಳಿದಿದ್ದವು. ಲೇಖನಗಳನ್ನು ತಿದ್ದುವ ಪಿಳ್ಳಣ್ಣ ಎನ್ನುವವರು ಅವಳಿಗೆ ಬರೆದಿದ್ದರು: ‘ಇಡ್ಲಿಗೂ ಕೌದಿಗೂ ಏನಮ್ಮ ಸಂಬಂಧ? ಸೀರೆ, ಸೂಜಿ ಸರಿಯಾಗಿವೆ, ಬಿಟ್ಟಿದ್ದೇನೆ. ಈಗ ಲೇಖನ ಅನಾಥವಲ್ಲ. ಆದರೆ ಆಧಾರದ ಜಾಗದಲ್ಲಿ “ನಮ್ಮ ಅಜ್ಜಿ” ಎಂದು ಹಾಕಿದ್ದೀರಿ. ಅದು ಸಾಲದು. ಅಚ್ಚಾದ ಪುಸ್ತಕ ಬೇಕು.’

ರಾಜಶ್ರೀ ಅದನ್ನು ಗಟ್ಟಿಯಾಗಿ ಓದಿದಾಗ ಅಜ್ಜಿಯೂ ಕೇಳಿಸಿಕೊಂಡಳು. ಆ ದಿನ ರಾಜಶ್ರೀ ಶಾಲೆಯ ಲೈಬ್ರರಿಯಲ್ಲಿ ಹುಡುಕಿದಳು. ಒಂದೇ ಒಂದು ಪುಸ್ತಕದಲ್ಲಿ ಕೌದಿಯ ಹೆಸರಿತ್ತು. ಅದರ ಮುಂದೆ ‘ಬಡವರ ಹೊದಿಕೆ’ ಎಂದಿತ್ತು, ಅಷ್ಟೇ. ಏಳು ದಿನ ಮುಗಿಯಿತು. ಬಾಕ್ಸಿನಲ್ಲಿ ನಚಿಕೇತನ ಹಲಸಿನ ಹಪ್ಪಳ ಬಂತು.

ಸಂಜೆ ಗೇಟಿನ ಹತ್ತಿರ ಸೀತಮ್ಮ ನಿಂತಿದ್ದರು. “ಏನಮ್ಮ, ಬಂತಾ ನಿಮ್ಮ ಕೌದಿ?”

“ಇಲ್ಲ ಆಂಟಿ.”

“ಅಂದ್ಕೊಂಡೆ,” ಎಂದು ಅವರು ಒಳಗೆ ಹೋದರು.

ಅಜ್ಜಿ ಬಾಲ್ಕನಿಯಿಂದ ಕೇಳಿಸಿಕೊಂಡಿದ್ದಳು. ರಾಜಶ್ರೀ ಒಳಗೆ ಬಂದು ಬ್ಯಾಗ್ ಇಳಿಸುತ್ತಿದ್ದಂತೆ, “ನಾ ಹೇಳಿದ್ದು ನಡಿಯಂಗಿಲ್ಲಂತೇನು?” ಎಂದಳು.

“ನೀನು ಹೇಳಿದ್ದು ಸುಳ್ಳು ಅಂತಲ್ಲ ಅಜ್ಜಿ. ಯಾರಾದ್ರೂ ಬಂದು ಕೇಳಿ, ಬುಕ್ಕಲ್ಲಿ ಬರೆದಿರಬೇಕಂತೆ.”

“ನಮ್ಮನ್ನ ಯಾರ್ ಬಂದು ಕೇಳ್ಯಾರವ್ವಾ?”

ರಾಜಶ್ರೀ ತಲೆ ತಗ್ಗಿಸಿದಳು. ಲೇಖನ ಬರೆಯುವಾಗ ಅವಳು ಕೇಳಿದ್ದಳಲ್ಲ. ಉದ್ದ ಎಷ್ಟು, ಅಗಲ ಎಷ್ಟು, ಎಷ್ಟು ಪದರ, ಹೊಲಿಯಲು ಎಷ್ಟು ದಿನ. ನಾಲ್ಕು ಪ್ರಶ್ನೆ. ಉತ್ತರ ಬರೆದುಕೊಂಡು ಓಡಿಹೋಗಿದ್ದಳು. ಅಜ್ಜಿ ಆಗ ಇನ್ನೇನೋ ಹೇಳಲು ಬಾಯಿ ತೆರೆದಿದ್ದದ್ದು ಈಗ ನೆನಪಾಯಿತು.

ಅವಳು ಕಪಾಟಿನಿಂದ ಕೌದಿ ತೆಗೆದು ನೆಲದ ಮೇಲೆ ಬಿಡಿಸಿದಳು. ನಡುವೆ ಅಂಗೈಯಗಲದ ಒಂದು ಹಸಿರು ತುಂಡು ಇತ್ತು.

“ಇದು ಯಾರ ಸೀರೆ ಅಜ್ಜಿ?”

“ಸೀರಿ ಅಲ್ಲ, ಲಂಗ. ನಿಮ್ಮವ್ವನ ಅಕ್ಕಂದು. ನಿನ್ನಷ್ಟ ಇದ್ದಾಗ ಜ್ವರ ಬಂದು ಹೋತು ಕೂಸು.”

ಅಮ್ಮನಿಗೆ ಒಬ್ಬಳು ಅಕ್ಕ ಇದ್ದಳೆಂದೇ ರಾಜಶ್ರೀಗೆ ಗೊತ್ತಿರಲಿಲ್ಲ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೋಗು, ಪೆನ್ ತಗೊಂಡು ಬಾ. ಬರ್ಕೊ.”

“ಬರ್ಕೊಳ್ಳಲ್ಲ ಅಜ್ಜಿ.” ರಾಜಶ್ರೀ ಆ ಹಸಿರು ತುಂಡಿನ ಪಕ್ಕ ಕೂತಳು. “ಅವಳ ಹೆಸರೇನು?”