ಕದ್ದ ವಾಕ್ಯ

"ಈ ಕಾವ್ಯಭಾಗ ಬಹಳ ಸೊಗಸಾಗಿದೆ..."

ಶಿವಸ್ವಾಮಿ ಮೇಷ್ಟ್ರು ಅಷ್ಟು ಓದಿ ಹಾಳೆಯಿಂದ ತಲೆಯೆತ್ತಿದರು. "ಯಾರಮ್ಮ ಇದನ್ನ ಬರೆದದ್ದು?"

ಪುಟ್ಟಬಸಮ್ಮ ಎದ್ದು ನಿಂತಳು. ಹೊಸ ಮೇಷ್ಟ್ರು ಬಂದ ಮೊದಲ ದಿನ. ತನ್ನ ಬರಹವನ್ನೇ ಮೊದಲು ಎತ್ತಿಕೊಂಡರಲ್ಲ ಎಂದು ಅವಳಿಗೆ ಒಳಗೊಳಗೇ ಹಿಗ್ಗು!

"ಸೊಗಸಾಗಿದೆ ಅಂದ್ರೆ ಯಾರು ಇಲ್ಲ ಅಂತಾರೆ? ಒಪ್ಪದವನೂ ಒಬ್ಬ ಇರಬೇಕು. ಅವನನ್ನ ಒಪ್ಪಿಸೋಕೆ ತಾನೇ ಉಳಿದ ಪುಟಗಳು? ಪ್ರಬಂಧದ ಶುರುವಲ್ಲೇ ನಿಮ್ಮ ನಿಲುವು ಒಂದು ವಾಕ್ಯದಲ್ಲಿ ಗಟ್ಟಿಯಾಗಿ ಬರಬೇಕು. ಇದು ನಿಲುವಲ್ಲ ಕಣಮ್ಮ... ಮದುವೆಮನೇಲಿ ಊಟ ಮುಗಿಸಿ ಕೈ ತೊಳೀತಾ ಹೇಳೋ ಮಾತು!"

ಉಳಿದ ಐದೂ ಹೆಂಗಸರು ಕಿಸಕ್ಕನೆ ನಕ್ಕರು.

ಪುಟ್ಟಬಸಮ್ಮನ ಕಿವಿ ಬಿಸಿಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹನ್ನೆರಡಕ್ಕೆ ಮದುವೆ, ಹದಿಮೂರಕ್ಕೆ ಗಂಡನ ಸಾವು. ಈಗ ಅವಳಿಗೆ ಇಪ್ಪತ್ತು. ನಂಜನಗೂಡಿನ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅಪ್ಪ ಶಿವಮಲ್ಲಪ್ಪ, ನೆಂಟರ ಮಾತನ್ನೆಲ್ಲ ನುಂಗಿಕೊಂಡು ಮಗಳನ್ನು ಉಪಾಧ್ಯಾಯಿನಿಯರ ಪರೀಕ್ಷೆಗೆ ಕೂರಿಸಲು ಕಳಿಸಿದ್ದರು. ಅಂಥ ಅಪ್ಪನ ಮಗಳು ಎಲ್ಲರ ಮುಂದೆ ನಗೆಪಾಟಲಾದಳು.

ಪಾಠಕ್ಕಿದ್ದದ್ದು ಒಂದು ಹಳೆಯ ಕಾವ್ಯದ ತುಣುಕು. ಏಳು ವರ್ಷ ಯುದ್ಧ ಮಾಡಿ ರಾಜ ಅರಮನೆಗೆ ಮರಳುತ್ತಾನೆ. ರಾಣಿ ಆರತಿ ಎತ್ತುತ್ತಾಳೆ, ಒಂದೂ ಮಾತಾಡುವುದಿಲ್ಲ. ಆ ರಾಣಿಯ ಬಗ್ಗೆ ಪ್ರಬಂಧ ಬರೆಯಬೇಕಿತ್ತು.

ಆಮೇಲೂ ಪುಟ್ಟಬಸಮ್ಮ ಬರೆದಳು, ಬರೆದಳು. ಪ್ರತಿ ಹಾಳೆಯ ಅಂಚಿನಲ್ಲೂ ಮೇಷ್ಟ್ರ ಕೆಂಪು ಅಕ್ಷರ ಇರುತ್ತಿತ್ತು. 'ಯಾಕೆ?' 'ಯಾವ ಪದ್ಯದಲ್ಲಿ?' 'ಇದು ನಿಮ್ಮ ಮಾತೇ?'

'ನನ್ನನ್ನ ಅಣಕಿಸೋಕೇ ಬರೀತಾರೆ...' ಅಂದುಕೊಳ್ಳುವಳು. ಆದರೂ ಹಾಳೆ ಕೈಗೆ ಬಂದೊಡನೆ ಮೊದಲು ಹುಡುಕುತ್ತಿದ್ದದ್ದು ಆ ಅಂಚನ್ನೇ!

ಒಂದು ಮಧ್ಯಾಹ್ನ ಮೇಷ್ಟ್ರು ತಮ್ಮ ಟಿಪ್ಪಣಿ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಹೊರಗೆ ಹೋದರು. ಹಾಳೆ ಒಪ್ಪಿಸಲು ಹೋದವಳ ಕಣ್ಣು ಅಲ್ಲಿಗೆ ಬಿತ್ತು.

'ರಾಣಿಯ ಮೌನ ವಿನಯವಲ್ಲ, ಅದು ರಾಜನ ಮೇಲೆ ಅವಳು ಕೊಟ್ಟ ತೀರ್ಪು.'

ಅವಳು ಮತ್ತೆ ಮತ್ತೆ ಓದಿದಳು. ಒಂದೇ ಒಂದು ವಾಕ್ಯ! ಇಡೀ ಪ್ರಬಂಧ ಅದರ ಬೆನ್ನಿಗೆ ತಾನಾಗಿ ನಡೆದು ಬರುವಂತಿತ್ತು.

ಪರೀಕ್ಷೆಯಲ್ಲಿ ಅದೇ ಪದ್ಯಭಾಗ ಬಂತು. ಅವಳ ಕೈ ಅದೇ ವಾಕ್ಯವನ್ನು ಅಕ್ಷರ ಬಿಡದೆ ಬರೆಯಿತು.

ಪುಟ್ಟಬಸಮ್ಮ ಪಾಸಾದಳು. ಅಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದರು. ಆದರೆ ಅದೇ ವಾರ ಶಿವಸ್ವಾಮಿ ಮೇಷ್ಟ್ರು ಒಂದು ಮಾತೂ ಹೇಳದೆ ತಿರುಮಕೂಡಲು ನರಸೀಪುರಕ್ಕೆ ಹೊರಟುಹೋಗಿದ್ದರು.

'ನಾನು ಪಾಸಾದದ್ದು ಅವರಿಗೆ ಬೇಕಿರಲಿಲ್ಲವೇ?'

ಉತ್ತರ ಹೇಳಿದವಳು ಮಂಗಳಮ್ಮ. ಹುಡುಗಿಯರನ್ನು ಮನೆಮನೆಯಿಂದ ಶಾಲೆಗೆ ಕರೆತರುವ ಮುದುಕಿ.

"ನಿಂಗೆ ಗೊತ್ತಿಲ್ವೇನವ್ವ? ನೀನು ಪರೀಕ್ಸೇಲಿ ಬರ್ದ ಆ ಮಾತ ಮೇಷ್ಟ್ರು ಓದ ವರ್ಸ ಯಾವ್ದೋ ಸಭೇಲಿ ಓದಿದ್ರಂತೆ. ಅಲ್ಲಿದ್ದೋರೊಬ್ರೇ ನಿನ್ ಪೇಪರ್ ತಿದ್ದವ್ರೆ. ಇದು ಯಂಗ್ ಬಂತು ಅಂತ ಇಸ್ಕೂಲ್ ಇನ್‌ಸ್ಪೆಕ್ಟ್ರು ಕೇಳುದ್ರೆ, ನಾನೇ ಬಾಯಿಪಾಠ ಮಾಡ್ಸಿದ್ದೆ ಅಂದ್ಬುಟ್ರಂತೆ. ಅದ್ಕೇ ನರಸೀಪುರ್ದಲ್ಲಿ ಅಆಇಈ ತಿದ್ದೋ ಮಕ್ಳಿಗೆ ಪಾಠ ಏಳಾಕೆ ಆಕವ್ರೆ."

ಪುಟ್ಟಬಸಮ್ಮ ಅಲ್ಲಿಂದ ನೇರವಾಗಿ ಮನೆಗೆ ನಡೆದಳು.

ಅಂದು ತರಗತಿಯಲ್ಲಿ ಆದದ್ದು ಅವಮಾನ. ಅದನ್ನು ಮೇಷ್ಟ್ರ ಮೇಲೆ ಹಾಕಬಹುದಿತ್ತು. ಇದನ್ನು ಯಾರ ಮೇಲೆ ಹಾಕುವುದು? ಮೂರು ದಿನ ಅನ್ನ ಸೇರಲಿಲ್ಲ. ಪಾಸಾದ ಕಾಗದವನ್ನು ಮುಟ್ಟಲೂ ಹೇಸಿಗೆಯಾಯಿತು.

ನಾಲ್ಕನೆಯ ದಿನ ಅಪ್ಪನ ಮುಂದೆ ನಿಂತಳು.

"ಅಪ್ಪಾ... ನಾನು ಕದ್ದಿದ್ದೀನಿ."

ಶಿವಮಲ್ಲಪ್ಪ ಎಲ್ಲ ಕೇಳಿಸಿಕೊಂಡರು. ಮುಖ ಕಪ್ಪಿಟ್ಟಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು! ಸುಮ್ಮನೆ ಎದ್ದು ಗಾಡಿ ಕಟ್ಟಿದರು.

ನರಸೀಪುರದ ಬಂಗಲೆಯಲ್ಲಿ ಇನ್‌ಸ್ಪೆಕ್ಟರು ಬೀಡುಬಿಟ್ಟಿದ್ದರು. ಶಿವಸ್ವಾಮಿಯನ್ನೂ ಕರೆಸಿದರು. ಮೇಷ್ಟ್ರ ಮುಖ ನೋಡುವ ಧೈರ್ಯ ಪುಟ್ಟಬಸಮ್ಮನಿಗೆ ಬರಲಿಲ್ಲ.

"ಸ್ವಾಮಿ, ಮೇಷ್ಟ್ರು ಹೇಳಿದ್ದು ಸುಳ್ಳು. ಅವರು ಬಾಯಿಪಾಠ ಮಾಡಿಸಲಿಲ್ಲ. ಅವರ ಪುಸ್ತಕ ನೋಡಿ ನಾನೇ ಕದ್ದೆ."

"ಪುಟ್ಟಬಸಮ್ಮ, ಬೇಡ..." ಶಿವಸ್ವಾಮಿ ಅಡ್ಡ ಬಂದರು.

"ಪಾಸು ರದ್ದಾಗುತ್ತೆ. ಗೊತ್ತೇನಮ್ಮ?" ಇನ್‌ಸ್ಪೆಕ್ಟರು ಕನ್ನಡಕ ತೆಗೆದರು.

"ಆಗಲಿ ಸ್ವಾಮಿ."

"ಅದು ಮೇಷ್ಟ್ರ ನಿಲುವಾಯ್ತು. ನಿನ್ನದೇನು? ರಾಣಿ ಯಾಕೆ ಮಾತಾಡಲಿಲ್ಲ?"

ಅವಳು ಸೆರಗಿನ ತುದಿ ಹಿಡಿದು ನಿಂತಳು. ಕಾವ್ಯದ ಸಾಲುಗಳೆಲ್ಲ ಕಣ್ಣ ಮುಂದೆ ಹಾದುಹೋದವು.

"ರಾಣಿ ಮೌನಿಯಲ್ಲ ಸ್ವಾಮಿ. ಅವಳಿಗೆ ಮಾತು ಕೊಡೋಕೆ ಕವಿಗೇ ಧೈರ್ಯ ಇರಲಿಲ್ಲ. ಕುದುರೆಗೆ ನಾಲ್ಕು ಪದ್ಯ ಇದೆ, ಬಾಗಿಲ ತೋರಣಕ್ಕೆ ಎರಡಿದೆ. ಅವಳಿಗೆ ಅರ್ಧ. ಅವಳನ್ನ ಯಾರೂ ಕೇಳಲೇ ಇಲ್ಲ."

ಇನ್‌ಸ್ಪೆಕ್ಟರು ಶಿವಸ್ವಾಮಿಯತ್ತ ತಿರುಗಿದರು. "ಏನ್ರೀ, ಒಪ್ತೀರಾ?"

"ಒಪ್ಪಲ್ಲ ಸ್ವಾಮಿ," ಎಂದ ಶಿವಸ್ವಾಮಿಯ ಕಣ್ಣು ಒದ್ದೆಯಾಗಿತ್ತು. "ಆದರೆ ವಾದ ಮಾಡೋಕೆ ನನಗೆ ವಾರ ಬೇಕು!"

ಪಾಸು ರದ್ದಾಯಿತು. ಬರುವ ವರ್ಷ ಮತ್ತೆ ಕೂರಬಹುದು ಎಂದು ಅಪ್ಪಣೆಯಾಯಿತು. ಶಿವಸ್ವಾಮಿಯ ಮೇಲಿನ ಅಪವಾದ ತೊಲಗಿತು.

ಊರಿನ ನದಿಸಂಗಮದ ಮೆಟ್ಟಿಲ ಮೇಲೆ ಅವಳು ತಲೆ ತಗ್ಗಿಸಿ ಕುಳಿತಿದ್ದಳು. ಶಿವಸ್ವಾಮಿ ಎರಡು ಮೆಟ್ಟಿಲು ಕೆಳಗೆ ನಿಂತರು.

"ನನ್ನನ್ನ ನೋಡಬೇಡಿ ಮೇಷ್ಟ್ರೇ. ನಾಚಿಕೆಯಾಗುತ್ತೆ."

"ನನಗೂ ಆಗುತ್ತೆ. ಅವತ್ತು ಎಲ್ಲರ ಮುಂದೆ ನಿಮ್ಮನ್ನ ನಗೆಪಾಟಲು ಮಾಡಿದೆ. ಆಮೇಲೆ ಅಂಚಿನಲ್ಲಿ ಬರೆದೆನಲ್ಲ... ಬೇರೆ ಯಾರ ಹಾಳೇಲೂ ಅಷ್ಟು ಬರೆದಿಲ್ಲ. ನಿಮ್ಮ ಜೊತೆ ಮಾತಾಡೋಕೆ ನನಗೆ ಬೇರೆ ದಾರಿ ಇರಲಿಲ್ಲ."

ಅವಳು ಸರಕ್ಕನೆ ತಲೆಯೆತ್ತಿದಳು.

"ಸುಳ್ಳು ಯಾಕೆ ಹೇಳಿದ್ರಿ?"

"ನೀವು ಪಾಸಾಗಬೇಕಿತ್ತು. ಅದು ನಿಮಗೆ ಮಾಡಿದ ಉಪಕಾರ ಅಂದ್ಕೊಂಡೆ. ನಿಮ್ಮನ್ನ ಕೇಳದೇ ತಪ್ಪು ಮಾಡಿದೆ. ನಿಮ್ಮನ್ನ... ಇಷ್ಟಪಟ್ಟಿದ್ದೀನಿ, ಪುಟ್ಟಬಸಮ್ಮ."

ಅವಳು ನೀರಿನತ್ತ ಮುಖ ತಿರುಗಿಸಿದಳು.

"ನಾನು ಗಂಡ ಸತ್ತೋಳು."

"ಗೊತ್ತು. ಮರುಮದುವೆ ನಮ್ಮ ಜಾತೀಲಿ ಹೊಸದೇನಲ್ಲವಲ್ಲ."

"ಅಪ್ಪನ್ನ... ಕೇಳಬೇಕು."

"ಈಗಷ್ಟೇ ಕೇಳಿ ಬಂದೆ."

"ಏನಂದ್ರು?"

"'ಎತ್ತಿಗೆ ನೀರು ಕುಡಿಸ್ಕೊಂಡ್ ಬತ್ತೀನಿ, ಅಷ್ಟರೊಳಗೆ ಅವಳನ್ನೇ ಕೇಳಪ್ಪ' ಅಂದ್ರು."

ಎಷ್ಟೋ ದಿನದ ಮೇಲೆ ಪುಟ್ಟಬಸಮ್ಮ ನಕ್ಕಳು. ಕೆನ್ನೆ ಮೇಲಿನ ನೀರನ್ನು ಅಂಗೈಯಲ್ಲಿ ಒರೆಸಿಕೊಂಡಳು.

"ಹಾಗಾದ್ರೆ ಕೇಳಿ... ಎತ್ತುಗಳು ಬೇಗ ಕುಡೀತವೆ!"