ಅಳತೆ ತೆಗೆದುಕೊಳ್ಳದ ಅಂಗಿ

ಬಾಗಿಲು ತೆರೆದ ಅಕ್ಕ ನನ್ನನ್ನು ನೋಡಿ ನಗುವ ಮೊದಲು ತುಟಿಯ ಮೇಲೆ ಬೆರಳಿಟ್ಟಳು.

ಸಮುದ್ರ ದಾಟಿ, ಜೀವನದಲ್ಲಿ ಮೊದಲ ಸಲ ರಜೆ ಎಂದು ಬಂದಿದ್ದೇನೆ. ಇಲ್ಲಿ ನೋಡಿದರೆ ಯಾರಿಗೋ ಏನೋ ಆಗಿದೆ. ಅವಳ ಗಂಡ ನನ್ನ ಸೂಟ್‌ಕೇಸನ್ನು ನೆಲದ ಮೇಲೆ ಉರುಳಿಸದೆ, ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಒಳಗೆ ತಂದರು. ಹಾಲ್‌ನಲ್ಲಿ ಇಬ್ಬರು ಹುಡುಗಿಯರು ಇಸ್ಪೀಟು ಹಿಡಿದು ಜಗಳವಾಡುತ್ತಿದ್ದರು, ಬರೀ ಕಣ್ಣಿನಲ್ಲಿ, ಕೈಯಲ್ಲಿ. ಸದ್ದೇ ಇಲ್ಲ.

"ಯಾರು ಹೋದ್ರು?" ಎಂದು ಅಕ್ಕನ ಕಿವಿಯಲ್ಲಿ ಕೇಳಿದೆ. ಕಣ್ಣೀರು ಆಗಲೇ ರೆಪ್ಪೆಗೆ ಬಂದಿತ್ತು.

"ಬಿಡ್ತು ಅನ್ನೇ. ಯಾರೂ ಹೋಗಿಲ್ಲ, ಬಂದು ಮಲಗಿದಾನೆ. ನನ್ನ ಮೈದುನ. ಬೇಕರಿ ಕೆಲಸ ಅವನದು. ರಾತ್ರಿಯೆಲ್ಲ ಓವನ್ ಮುಂದೆ ನಿಂತಿರ್ತಾನೆ, ಬೆಳಗ್ಗೆ ಬಂದು ಮಲಗ್ತಾನೆ. ಮಧ್ಯಾಹ್ನದ ತನಕ ಈ ಮನೇಲಿ ಎಲ್ಲಾ ಪಿಸುಪಿಸು."

ಮೇಲೆ, ಮೆಟ್ಟಿಲು ಮುಗಿಯುವಲ್ಲಿ ಮುಚ್ಚಿದ ಒಂದು ಬಾಗಿಲು. ಅದರ ಹೊರಗೆ ಮೈದಾ ಹಿಟ್ಟಿನಿಂದ ಬೆಳ್ಳಗಾದ ಒಂದು ಜೊತೆ ಶೂಸು. ಅವು ಅಲ್ಲಿರುವವರೆಗೂ ಯಾರೂ ದನಿ ಎತ್ತುವಂತಿಲ್ಲ. ಇದು ಆ ಮನೆಯ ಕಾನೂನು.

ನನಗೆ ಅಳು ಹೋಗಿ ನಗು ಬಂತು. ಚಿಕ್ಕಂದಿನಿಂದ ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು: ಸ್ವಲ್ಪ ಜೋರಾಗಿ ಮಾತಾಡಮ್ಮ. ಕ್ಲಾಸಿನಲ್ಲಿ ಎದ್ದು ಓದು ಎಂದರೆ ದನಿ ಗಂಟಲಲ್ಲೇ ಇಂಗಿಹೋಗುತ್ತಿತ್ತು. ಎಂಟನೆಯದಕ್ಕೇ ಶಾಲೆ ಬಿಟ್ಟು ಅಮ್ಮನ ಹೊಲಿಗೆ ಅಂಗಡಿಯಲ್ಲಿ ಕೂತೆ. ಹೊಲಿಗೆ ಮಿಷನ್ನಿಗೆ ನಾನು ಜೋರಾಗಿ ಮಾತಾಡಬೇಕಿರಲಿಲ್ಲ. ಆದರೆ ಗಿರಾಕಿಗಳು ಬಿಡಬೇಕಲ್ಲ. "ಏನೇ, ಬಾಯಲ್ಲಿ ಗುಂಡುಪಿನ್ನು ಇಟ್ಕೊಂಡಿದೀಯಾ?" ಎನ್ನುವರು. ಅರ್ಧ ಸಲ ಇಟ್ಟುಕೊಂಡೇ ಇರುತ್ತಿದ್ದೆ.

ಅಕ್ಕ ನಮ್ಮ ಪಕ್ಕದ ಮನೆಯವಳು. ಮದುವೆಯಾಗಿ ಈ ದೇಶಕ್ಕೆ ಬಂದ ಮೇಲೂ ಅವಳ ಬ್ಲೌಸುಗಳನ್ನು ನಾನೇ ಹೊಲಿಯುವುದು. "ಮಕ್ಕಳಿಗೆ ರಜಾ. ನೀನೂ ಒಂದು ತಿಂಗಳು ಕತ್ತರಿ ಕೆಳಗಿಟ್ಟು ಬಾ" ಎಂದು ಹಟ ಹಿಡಿದು ಕರೆಸಿಕೊಂಡಿದ್ದಳು. ಹೊರಗೆ ಒಂದಕ್ಷರ ತಿಳಿಯದ ಭಾಷೆ. ಒಳಗೆ ನಮ್ಮದೇ ಮಾತು, ಅದೂ ನನ್ನದೇ ದನಿಯಲ್ಲಿ. ನಾನು ಸರಿಯಾದ ಮನೆಗೇ ಬಂದಿದ್ದೆ.

ಮಧ್ಯಾಹ್ನ ಮೆಟ್ಟಿಲ ಬುಡದಲ್ಲಿ ನಿಂತು ಗೋಡೆಯ ಮೇಲಿನ ಫೋಟೊಗಳನ್ನು ನೋಡುತ್ತಿದ್ದೆ. ಮೇಲಿನ ಬಾಗಿಲು ತೆರೆಯಿತು. ಕೆದರಿದ ಕೂದಲು, ದೊಗಲೆ ಬೂದು ಸ್ವೆಟರು, ಒಂದು ಹುಬ್ಬಿನ ಮೇಲೆ ಇನ್ನೂ ಹಿಟ್ಟಿನ ಗೆರೆ.

"ಬಂದ್ರಾ? ಪ್ರಯಾಣ ಚೆನ್ನಾಗಿತ್ತಾ?" ದನಿ ಮನೆಯೆಲ್ಲ ತುಂಬಿತು.

"ಹೂಂ, ಚೆನ್ನಾಗಿತ್ತು" ಎಂದೆ.

"ನಾನು ಎದ್ದಾಯ್ತು. ಇನ್ನು ಜೋರಾಗಿ ಮಾತಾಡಬಹುದು ನೀವು."

"ಇದೇ ನನ್ನ ಜೋರು."

ಅವರು ಎರಡು ಮೆಟ್ಟಿಲು ಇಳಿದು ಬಂದು, ನನ್ನಷ್ಟೇ ಮೆಲ್ಲಗೆ ಹೇಳಿದರು: "ಹಾಗಾದ್ರೆ ನಾನೇ ಹತ್ತಿರ ಬರಬೇಕು."

ಮಾತು ಅಷ್ಟೇ. ಆದರೆ ಆ ದಿನ ಊಟಕ್ಕೆ ಕೂತಾಗ ನನಗೆ ಯಾವುದರ ರುಚಿಯೂ ಗೊತ್ತಾಗಲಿಲ್ಲ.

ಮಕ್ಕಳು ನನ್ನನ್ನು ಚಿಕ್ಕಮ್ಮ ಎಂದು ಕರೆದರು, ಅಮ್ಮನ ತಂಗಿ ಇದ್ದ ಹಾಗೆ ಎಂದು. ದೊಡ್ಡವಳಿಗೆ ಮನೆಯವರು ಇಟ್ಟ ಹೆಸರು ವಕೀಲೆ. ಹಾಲು ಕುಡಿ ಎಂದರೂ ಸಾಕ್ಷಿ ಕೇಳುತ್ತಿದ್ದಳು. ಚಿಕ್ಕವಳು ಬಾಲ, ದೊಡ್ಡವಳು ಹೋದಲ್ಲೆಲ್ಲ ಹಿಂದೆ. ಪಿಸುಮಾತಿನ ಪಂದ್ಯದಲ್ಲಿ ನಾನು ಇಬ್ಬರನ್ನೂ ಸೋಲಿಸಿದ ಮೇಲೆ ಅವರು ನನ್ನ ಪಕ್ಕ ಬಿಟ್ಟು ಏಳಲಿಲ್ಲ.

ಕತ್ತರಿ ಕೆಳಗಿಡುವ ಮಾತು ಮೂರು ದಿನವೂ ಉಳಿಯಲಿಲ್ಲ. ಮೆಟ್ಟಿಲ ಕೆಳಗೆ ಅಕ್ಕನ ಹೊಲಿಗೆ ಮಿಷನ್ನು ಧೂಳು ತಿನ್ನುತ್ತಿತ್ತು. ಎಣ್ಣೆ ಬಿಟ್ಟು ಸರಿಮಾಡಿ ಹುಡುಗಿಯರಿಗೆ ಫ್ರಾಕು ಹೊಲಿಯಲು ಕೂತೆ. ಬೆಳಗ್ಗೆ ಮಿಷನ್ನಿನ ಸದ್ದು ಮಾಡುವಂತಿಲ್ಲ, ಹಾಗಾಗಿ ಕತ್ತರಿಸುವುದು, ಕೈಹೊಲಿಗೆ, ಗುಂಡಿ ಹಚ್ಚುವುದು ಬೆಳಗ್ಗೆ. ಮಿಷನ್ನು ಮಧ್ಯಾಹ್ನಕ್ಕೆ.

ಮಧ್ಯಾಹ್ನ ಅವರು ಟೀ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು ಕೆಳಗೆ.

"ನಮ್ಮನೆ ಹಿಡಿಸ್ತಾ ನಿಮಗೆ?"

"ಹೂಂ. ಎಲ್ಲರೂ ನನ್ನ ಹಾಗೇ ಮಾತಾಡ್ತಾರೆ."

"ನಾನು?"

"ನೀವು ಮಲಗಿದ್ದಾಗ ಒಳ್ಳೆಯವರು."

ಟೀ ನೆತ್ತಿಗೇರಿ ಕೆಮ್ಮಿದರು. ನಾನು ಹೊಲಿಗೆಯಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ನನ್ನ ಮುಖದಲ್ಲಿದ್ದ ನಗು ಕಾಣುತ್ತಿತ್ತು.

ಹಾಗೆಂದು ನಾನು ಅವರನ್ನು ನೋಡಲಿಲ್ಲವೆಂದಲ್ಲ. ಅವರು ಬಾಗಿದಾಗ, ಲೋಟ ಇಟ್ಟಾಗ, ಬಾಲಳನ್ನು ಎತ್ತಿ ತಿರುಗಿಸಿದಾಗ ನೋಡಿದೆ. ದರ್ಜಿಯ ಕಣ್ಣು ಮುಖದಲ್ಲಿ ನಿಲ್ಲುವುದಿಲ್ಲ. ಬೆನ್ನಿನ ಅಗಲ, ತೋಳಿನ ಉದ್ದ, ಕತ್ತು ಹೆಗಲಿಗೆ ಸೇರುವ ಜಾಗ, ಇವನ್ನು ತಾನಾಗಿಯೇ ಸವರಿಕೊಂಡು ಬರುತ್ತದೆ. ಅವರ ಸ್ವೆಟರಿನ ಕತ್ತು ಯಾವಾಗಲೂ ಬಲಕ್ಕೆ ಜಾರುತ್ತಿತ್ತು. ಅವರು ಯಾವಾಗಲೂ ಎಡಕ್ಕೆ ಎಳೆದುಕೊಳ್ಳುತ್ತಿದ್ದರು. ಹೊರಗೆ ಸೆಕೆ ಇದ್ದರೂ ಸ್ವೆಟರು ಮೈಬಿಟ್ಟು ಇಳಿಯುತ್ತಿರಲಿಲ್ಲ.

ಕಾರಣ ಒಂದು ಸಂಜೆ ತಿಳಿಯಿತು. ವಕೀಲೆ ಮತ್ತು ಬಾಲ ನನ್ನನ್ನು ಬೇಕರಿ ತೋರಿಸಲು ಹಿಂಬಾಗಿಲಿನಿಂದ ಕರೆದುಕೊಂಡು ಹೋದರು. ಹಿಟ್ಟಿನ ಲಾರಿ ಬಂದಿತ್ತು. ಅವರು ಬನಿಯನ್ನಿನಲ್ಲಿ, ಬಲ ಹೆಗಲಿಗೆ ಮೂಟೆ ಏರಿಸಿಕೊಂಡು ಒಳಗೆ ಹೋಗುತ್ತಿದ್ದರು. ಇಳಿಸಿ, ಮತ್ತೆ ಬಂದು, ಮತ್ತೆ ಅದೇ ಹೆಗಲು. ವರ್ಷಗಟ್ಟಲೆ ಹೊತ್ತು ಆ ಹೆಗಲು ಎಡದ್ದಕ್ಕಿಂತ ಒಂದು ಬೆರಳಿನಷ್ಟು ತಗ್ಗಿತ್ತು.

ನನ್ನನ್ನು ಕಂಡರು. ಮೂಟೆ ಅಲ್ಲೇ ಇಳಿಸಿ, ಉರಿಯುವ ಓವನ್ನಿನ ಮುಂದೆ ಗಡಿಬಿಡಿಯಿಂದ ಸ್ವೆಟರು ತೊಟ್ಟುಕೊಂಡರು.

ನಾನು ಬನ್ನಿನ ಕಪಾಟಿನ ಕಡೆ ತಿರುಗಿ, ಅಲ್ಲಿ ಏನೋ ಅಪರೂಪದ್ದು ಇರುವ ಹಾಗೆ ನೋಡುತ್ತಾ ನಿಂತೆ. ಮುಚ್ಚಿಟ್ಟುಕೊಳ್ಳುವವರ ಕಷ್ಟ ನನಗೆ ಹೊಸದಲ್ಲ.

"ಬಿಸಿ ಇದೆ, ಹುಷಾರು" ಎಂದು ನನ್ನ ಕೈಗೆ ಒಂದು ಬನ್ನು ಇಟ್ಟರು. ಬೆರಳು ತಾಗಿತು. ಬನ್ನೇನೂ ಅಷ್ಟು ಬಿಸಿ ಇರಲಿಲ್ಲ.

ರಜೆಯ ಕೊನೆಯ ವಾರ ಬಂತು. ಸ್ಟುಡಿಯೋಗೆ ಹೋಗಿ ಎಲ್ಲರೂ ಒಟ್ಟಿಗೆ ಒಂದು ಫೋಟೊ ತೆಗೆಸಬೇಕು ಎಂದು ಅಕ್ಕ ತೀರ್ಮಾನಿಸಿದಳು. ಪರದೆಗೆಂದು ತಂದಿದ್ದ ನೀಲಿ ಬಟ್ಟೆ ಉಳಿದಿತ್ತು.

"ಅವನಿಗೂ ಒಂದು ಅಂಗಿ ಹೊಲಿದುಬಿಡೇ. ಆ ಸ್ವೆಟರಲ್ಲಿ ಫೋಟೊಗೆ ನಿಂತರೆ ಕಂಬಳಿ ಹೊದ್ದ ಕರಡಿ ಥರ ಇರ್ತಾನೆ."

"ಅಳತೆ?"

"ಮಲಗಿದಾನಲ್ಲ. ಅವನ ಹಳೇ ಅಂಗಿ ಒಂದು ಹುಡುಕಿ ಕೊಡ್ತೀನಿ, ಅದರ ಮೇಲೆ ಕತ್ತರಿಸು."

ಅವಳು ಕೊಡುವುದನ್ನು ಮರೆತಳು. ನಾನು ಕೇಳುವುದನ್ನು ಮರೆತೆ. ನಿಜ ಹೇಳಬೇಕೆಂದರೆ ಮರೆತದ್ದು ನನಗೆ ಗೊತ್ತೇ ಆಗಲಿಲ್ಲ. ಬಟ್ಟೆ ಹಾಸಿದೆ, ಚಾಕ್ ಹಿಡಿದೆ, ಕೈ ಎಲ್ಲೂ ನಿಲ್ಲಲಿಲ್ಲ. ಮೇಲೆ ಅವರು ಮಲಗಿದ್ದರು. ಕೆಳಗೆ ನನ್ನ ಕತ್ತರಿ ಸದ್ದಿಲ್ಲದೆ ಅವರ ಬೆನ್ನಿನ ಸುತ್ತ, ತೋಳಿನ ಗುಂಟ ಹೋಗಿಬಂತು.

ಅಂಗಿಯನ್ನು ಮಧ್ಯಾಹ್ನ ಊಟಕ್ಕೆ ಮೊದಲು ಕೊಟ್ಟೆ. ಅವರು ಒಳಗೆ ಹೋಗಿ ತೊಟ್ಟುಕೊಂಡು ಬಂದರು.

ಕಾಲರು ಕತ್ತಿಗೆ ಅಂಟಿ ನೆಟ್ಟಗೆ ಕೂತಿತ್ತು. ಎದೆಯ ಮೇಲೆ ಒಂದು ಸುಕ್ಕಿಲ್ಲ. ಅವರ ಕೈ ಅಭ್ಯಾಸದಿಂದ ಕಾಲರನ್ನು ಎಳೆಯಲು ಹೋಗಿ, ಎಳೆಯುವುದಕ್ಕೆ ಏನೂ ಇಲ್ಲದೆ ಗಾಳಿಯಲ್ಲಿ ನಿಂತಿತು.

"ಅಬ್ಬಾ, ಅಚ್ಚಲ್ಲಿ ಹುಯ್ದ ಹಾಗಿದೆ" ಎಂದರು ಭಾವ. ಆಮೇಲೆ ಹತ್ತಿರ ಬಂದು ಹೆಗಲು ಮುಟ್ಟಿ ನೋಡಿದರು. "ಇದೇನೋ, ಬಲಗಡೆ ತಗ್ಗಿಸಿ ಹೊಲಿದಿದಾಳೆ. ನಿನ್ನ ಹೆಗಲು ವಾರೆ ಏನೋ? ಒಂದೇ ಮನೇಲಿದ್ದು ನನಗೇ ಗೊತ್ತಿಲ್ಲವಲ್ಲ."

ಅಂಗಿ ತೊಟ್ಟವರ ಮುಖ ಕೆಂಪಾಯಿತು.

ವಕೀಲೆಗೆ ಅಷ್ಟು ಸಾಕಾಯಿತು. "ಚಿಕ್ಕಮ್ಮ, ನೀನು ಯಾವಾಗ ಅಳತೆ ತಗೊಂಡೆ?"

"ಹಳೇ ಅಂಗಿ ಮೇಲೆ ಕತ್ತರಿಸಿದ್ದು ಕಣೇ" ಎಂದಳು ಅಕ್ಕ. ಎಂದವಳೇ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ, ನಾನು ಕೊಡಲೇ ಇಲ್ಲ."

"ಟೇಪು?"

"ಇಲ್ಲ" ಎಂದೆ.

"ಮತ್ತೆ ಹೇಗೆ ಗೊತ್ತಾಯ್ತು?"

"ನೋಡಿ."

"ಎಷ್ಟು ಸಲ ನೋಡಿದೆ?"

"ಎಷ್ಟು ಸಲ?" ಎಂದಳು ಬಾಲ.

ಬಾಯಲ್ಲಿ ಗುಂಡುಪಿನ್ನಾದರೂ ಇರಬಾರದಿತ್ತೇ ಎನಿಸಿತು. ಒಂದೇ ಅಂಗಿಯಲ್ಲಿ ಇಬ್ಬರ ಗುಟ್ಟೂ ಬಯಲಾಗಿತ್ತು. ಅವರು ಮುಚ್ಚಿಟ್ಟ ಹೆಗಲು, ನಾನು ಮುಚ್ಚಿಟ್ಟ ಕಣ್ಣು. ಅವರು ಮೆಟ್ಟಿಲು ಹತ್ತಿ ಕೋಣೆಗೆ ಹೋದರು. ಊಟಕ್ಕೆ ಇಳಿದು ಬಂದಾಗ ಮೈಮೇಲೆ ಸ್ವೆಟರು ಇತ್ತು. ಆ ಮಧ್ಯಾಹ್ನ ಮೆಟ್ಟಿಲ ಮೇಲೆ ಟೀ ಕುಡಿಯಲು ಯಾರೂ ಕೂರಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ನನ್ನನ್ನು ಹಿಡಿದಳು. "ಅವನಿಗೆ ನೋವಾಗಿದೆ ಕಣೇ. ಸುಮ್ಮನೆ ಅಂದಾಜಿಗೆ ಕತ್ತರಿಸಿದೆ, ಅದೃಷ್ಟಕ್ಕೆ ಸರಿಹೋಯ್ತು ಅಂದುಬಿಡು. ನಾಳಿದ್ದು ಹೊರಡೋಳು, ಯಾಕೆ ಬೇಕು."

ನಾನು ತೊಳೆದ ತಟ್ಟೆಯನ್ನು ಒರೆಸಿ ಇಟ್ಟೆ. ನೋವು ಮಾಡಿದ್ದರೆ ಕ್ಷಮೆ ಕೇಳಬಹುದು. ಆದರೆ ನೋಡಿಲ್ಲ ಎನ್ನಲು ನನಗೆ ಮನಸ್ಸಿರಲಿಲ್ಲ. ಶಾಲೆಯಲ್ಲಿ, ಅಂಗಡಿಯಲ್ಲಿ, ಎಲ್ಲ ಕಡೆ ನಾನು ಹೇಳಬೇಕಾದ್ದನ್ನು ನುಂಗಿದವಳು. ಈ ಸಲ ನನ್ನ ಬದಲು ನನ್ನ ಕೈ ಮಾತಾಡಿತ್ತು, ಒಂದು ಹೊಲಿಗೆಯೂ ತಪ್ಪದ ಹಾಗೆ. ಅದನ್ನು ಬಿಚ್ಚುವುದಿಲ್ಲ.

"ಸುಳ್ಳು ಹೇಳಲ್ಲ ಅಕ್ಕ. ಅಂದಾಜಲ್ಲ ಅದು."

ಅಕ್ಕ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು.

ಮರುದಿನ ಫೋಟೊ. ಬೆಳಗ್ಗೆ ಹಿಟ್ಟಿನ ಶೂಸು ಬಾಗಿಲ ಹೊರಗಿತ್ತು, ಮನೆ ಪಿಸುಗುಡುತ್ತಿತ್ತು. ನಾನು ಮೆಟ್ಟಿಲ ಕೆಳಗೆ ಕೂತು ಬಾಲಳ ಫ್ರಾಕಿಗೆ ಕೊನೆಯ ಗುಂಡಿ ಹಚ್ಚುತ್ತಿದ್ದೆ. ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಮೇಲೆ ಚಿಲಕ ಸರಿದ ಸದ್ದಾಯಿತು.

ಅವರು ಬರಿಗಾಲಲ್ಲಿ ಇಳಿದು ಬಂದರು. ನೀಲಿ ಅಂಗಿ. ಸ್ವೆಟರಿಲ್ಲ. ಶೂಸು ಇನ್ನೂ ಬಾಗಿಲಲ್ಲೇ ಇತ್ತು.

ನನ್ನ ಎದುರಿನ ಮೆಟ್ಟಿಲಿನ ಮೇಲೆ ಕೂತರು. ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು.

"ಕೋಪಾನಾ?" ಎಂದೆ.

"ಮೊದಲು ಬಂತು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಕೊಂಡಿದ್ದೆ." ಪಿಸುದನಿಯಲ್ಲೇ ಮಾತಾಡಿದರು. "ಆಮೇಲೆ ಕೆಲಸದಲ್ಲಿ ಯೋಚನೆ ಮಾಡಿದೆ. ಇದನ್ನ ನೋಡಿದವರು ನಗಬಹುದಿತ್ತು, ಅಯ್ಯೋ ಪಾಪ ಅನ್ನಬಹುದಿತ್ತು. ನೀವು ಎರಡೂ ಮಾಡಲಿಲ್ಲ. ಅದಕ್ಕೆ ಸರಿಯಾಗಿ ಬಟ್ಟೆ ಕತ್ತರಿಸಿದ್ರಿ."

"ನನ್ನ ಕೆಲಸ ಅದು."

"ಎಲ್ಲ ಗಿರಾಕಿಗಳಿಗೂ ಹೀಗೇನಾ? ಟೇಪು ಇಲ್ಲದೆ?"

ಸೂಜಿ ಗುಂಡಿಯ ತೂತಿನಲ್ಲಿ ನಿಂತಿತು. "ಇಲ್ಲ" ಎಂದೆ. "ನಿಮಗೆ ಮಾತ್ರ."

ಅವರ ಕಣ್ಣಿನ ಆಯಾಸವೆಲ್ಲ ಎಲ್ಲಿ ಹೋಯಿತೋ. ತುಟಿಯ ಒಂದು ಕೊನೆಯಲ್ಲಿ ಶುರುವಾದ ನಗು ಇನ್ನೊಂದು ಕೊನೆ ತಲುಪುವವರೆಗೂ ನಾನು ನೋಡುತ್ತಲೇ ಇದ್ದೆ. ಈ ಸಲ ಕದ್ದು ನೋಡಲಿಲ್ಲ.

"ನಾಳೆ ಹೊರಡ್ತೀಯಾ" ಎಂದರು. ನೀವು ಹೋಗಿ ನೀನು ಬಂದಿತ್ತು.

"ಹೊರಡಲೇಬೇಕು. ಅಂಗಡಿ ಇದೆ, ಅಮ್ಮ ಇದ್ದಾರೆ."

"ನಿಮ್ಮೂರಲ್ಲಿ ಬ್ರೆಡ್ ತಿಂತಾರಾ?"

"ಜ್ವರ ಬಂದಾಗ ತಿಂತಾರೆ."

"ಹಾಗಾದ್ರೆ ಊರಿಗೆಲ್ಲ ಜ್ವರ ಬರಲಿ ಅಂತ ಕಾಯಬೇಕು ನಾನು."

"ಬನ್ನು ಮಾಡಿ. ಚೆನ್ನಾಗಿರೋರೂ ತಿಂತಾರೆ."

ಅವರು ಮುಂದಕ್ಕೆ ಬಾಗಿದರು. "ನಾನು ಬಂದು ನಿಮ್ಮಮ್ಮನ್ನ ಕೇಳಲಾ?"

"ಕೇಳಿ" ಎಂದೆ.

"ಏನು? ಕೇಳಿಸಲಿಲ್ಲ."

ಕೇಳಿಸಿತ್ತು. ಆ ತುಂಟ ಕಣ್ಣಿಗೆ ಚೆನ್ನಾಗಿಯೇ ಕೇಳಿಸಿತ್ತು.

ಫ್ರಾಕನ್ನು ಪಕ್ಕಕ್ಕಿಟ್ಟು ಎದ್ದು ನಿಂತೆ. ಶಾಲೆಯಲ್ಲಿ ಎದ್ದು ನಿಂತಾಗ ಬಾರದ ದನಿ ಎಲ್ಲಿತ್ತೋ, ಬಂತು.

"ಬಂದು ಕೇಳಿ ಅಂದೆ."

ಮೆಟ್ಟಿಲು, ಹಾಲ್, ಮೇಲಿನ ಕೋಣೆ ಎಲ್ಲ ಕಡೆ ಕೇಳಿಸಿತು. ಅಡುಗೆಮನೆಯಲ್ಲಿ ಅಕ್ಕನ ಕೈಯಿಂದ ಚಮಚ ಬಿತ್ತು. ಸೋಫಾದ ಹಿಂದಿನಿಂದ ಎರಡು ತಲೆ ಎದ್ದವು.

"ಶ್, ಚಿಕ್ಕಮ್ಮ" ಎಂದಳು ವಕೀಲೆ, ಬೆರಳೆತ್ತಿ. "ಚಿಕ್ಕಪ್ಪ ಮಲಗಿದಾನೆ. ಶೂಸು ಹೊರಗಿದೆ."

"ಮಲಗಿಲ್ಲ, ಇಲ್ಲೇ ಇದಾನೆ" ಎಂದಳು ಬಾಲ. ಮೊದಲ ಸಲ ತನ್ನ ಅಕ್ಕನ ಮಾತಿಗೆ ಎದುರಾಡಿದ್ದಳು.

ವಕೀಲೆ ನಮ್ಮಿಬ್ಬರನ್ನೂ ನೋಡಿ ಸ್ವಲ್ಪ ಹೊತ್ತು ಯೋಚಿಸಿದಳು. "ಹಾಗಾದ್ರೆ ನಾವು ನಿನ್ನನ್ನ ಚಿಕ್ಕಮ್ಮ ಅಂತಾನೇ ಕರೀತಿರಬಹುದು. ಬದಲಾಯಿಸೋದು ಬೇಡ" ಎಂದು ತೀರ್ಪು ಕೊಟ್ಟಳು.

ಆ ಫೋಟೊ ಈಗ ನನ್ನ ಅಂಗಡಿಯಲ್ಲಿ, ಮಿಷನ್ನಿನ ಎದುರಿನ ಗೋಡೆಯ ಮೇಲಿದೆ. ಬಂದ ಗಿರಾಕಿಗಳು ನೀಲಿ ಅಂಗಿಯವರನ್ನೇ ಮೊದಲು ನೋಡುತ್ತಾರೆ, ಎಷ್ಟು ನೆಟ್ಟಗೆ ನಿಂತಿದ್ದಾರೆ ಎನ್ನುತ್ತಾರೆ. ಯಾರು ಎಂದು ಕೇಳಿದವರಿಗೆ ಮೂಲೆಯವರೆಗೂ ಕೇಳಿಸುವ ಹಾಗೆ ಹೇಳುತ್ತೇನೆ.

ಅವರು ಹೇಳಿದ ಹಾಗೆ ಬಂದು ಕೇಳಿದರು, ಅಮ್ಮ ಒಪ್ಪಿದರು. ಬರುವ ವಾರ ಮದುವೆಗೆಂದು ಅವರು ಮತ್ತೆ ಬರುತ್ತಿದ್ದಾರೆ, ಅಕ್ಕ, ಭಾವ, ವಕೀಲೆ, ಬಾಲ ಎಲ್ಲರ ಜೊತೆ. ಮದುವೆಯ ಅಂಗಿಗೆ ಮಾತ್ರ ಟೇಪು ಹಿಡಿದು ಸರಿಯಾಗಿ ಅಳತೆ ತೆಗೆದುಕೊಳ್ಳುತ್ತೇನೆ ಎಂದು ಹೇಳಿದ್ದೇನೆ. ಬೇಕಾಗಿಲ್ಲ. ಆದರೂ ತೆಗೆದುಕೊಳ್ಳುತ್ತೇನೆ.